ಮೊಟ್ಟೆಯಿಲ್ಲದ ನೀರಿನ ಗಟ್ಟಿತನ

ನಾವು ಮಾಡಿದ ಸೂಜಿಗಳ ಡಬ್ಬಿಯನ್ನು ಆ ಹುಡುಗಿ ವಾಪಸ್ ತಂದು ನನ್ನ ಮೇಜಿನ ಮೇಲಿಟ್ಟಳು.

"ಸರ್ ಕಳಿಸಿದ್ರು ಮೇಡಂ. ಇದಕ್ಕೆ ಸೂಕ್ಷ್ಮತೆ ಇಲ್ವಂತೆ."

ಅವಳು ಒಬ್ಬ ಹಿರಿಯ ವಿಜ್ಞಾನಿಯ ಹತ್ತಿರ ಪಿಎಚ್.ಡಿ. ಮಾಡುತ್ತಿದ್ದ ವಿದ್ಯಾರ್ಥಿನಿ. ಚಿತ್ರದುರ್ಗದ ಕಡೆಯವಳು, ಹಾಸ್ಟೆಲಿನಲ್ಲಿದ್ದಳು. "ಇಲ್ವಂತೆ" ಎಂಬ ಅವಳ ಮಾತು ಕೇಳಿಯೇ ನನಗೆ ಮೈ ಉರಿಯಿತು. ಅಳೆದವಳು ತಾನು, ಅಭಿಪ್ರಾಯ ಮಾತ್ರ ಇನ್ಯಾರದೋ.

ಸೂಜಿ ಅಂದರೆ ಹೊಲಿಯುವ ಸೂಜಿಯಲ್ಲ. ಸಿಲಿಕಾನಿನ ಒಂದು ತೆಳು ಪಟ್ಟಿ, ಅದರ ತುದಿಗೆ ಕೂದಲಿನಷ್ಟು ಸಪೂರವಾದ ಗಾಜಿನ ಮೊನೆ. ಮೊನೆ ಏನನ್ನಾದರೂ ಒತ್ತಿದರೆ ಪಟ್ಟಿ ಬಾಗುತ್ತದೆ. ಎಷ್ಟು ಬಾಗಿತು ಎಂಬುದರಿಂದ ಎಷ್ಟು ಬಲ ಬಿತ್ತು ಎಂದು ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಒಂದು ಜೀವಕೋಶವೋ, ಹುಳುವಿನ ಮೊಟ್ಟೆಯೋ, ಬೇರಿನ ತುದಿಯೋ ಎಷ್ಟು ಗಟ್ಟಿ, ಎಷ್ಟು ಮೆದು ಎಂದು ತಿಳಿಯಬೇಕಾದ ಸಂಶೋಧಕರು ಇದನ್ನು ಕೊಳ್ಳುತ್ತಾರೆ. ನಮ್ಮದು ವಿಶ್ವವಿದ್ಯಾಲಯದ ಪ್ರಯೋಗಾಲಯದಿಂದ ಹೊರಬಂದ ಪುಟ್ಟ ಕಂಪನಿ. ಶುರು ಮಾಡಿದವರು ನನಗೆ ಪಿಎಚ್.ಡಿ. ಮಾಡಿಸಿದ ಪ್ರೊಫೆಸರ್. ಅವರು ಭಾಷಣ ಮಾಡುತ್ತಾರೆ, ನಾನು ಸೂಜಿ ಮಾಡುತ್ತೇನೆ.

ಸಿಲಿಕಾನ್ ಪಟ್ಟಿಗಳು ವಿಶ್ವವಿದ್ಯಾಲಯದ ಧೂಳಿಲ್ಲದ ಕೋಣೆಯಲ್ಲಿ ತಯಾರಾಗುತ್ತವೆ. ಮೊನೆ ಅಂಟಿಸುವುದು, ತಂತಿ ಜೋಡಿಸುವುದು, ಕಡೆಗೆ ಒಂದೊಂದನ್ನೂ ಪರೀಕ್ಷಿಸಿ ನಾನು ಸಹಿ ಹಾಕುವುದು, ಎಲ್ಲ ಚಾಮರಾಜಪೇಟೆಯ ಒಂದು ಹಳೇ ಮನೆಯ ಕೆಳಗಿನ ಭಾಗದಲ್ಲಿ. ದಪ್ಪ ಗೋಡೆಯ ಮನೆ. ಬೀದಿಯಲ್ಲಿ ಲಾರಿ ಹೋದರೂ ಒಳಗಿನ ತಕ್ಕಡಿ ಅಷ್ಟಾಗಿ ಅಲ್ಲಾಡುವುದಿಲ್ಲ. ಪ್ರೊಫೆಸರಿಗೆ ಈ ಜಾಗ ಹಿಡಿಸುತ್ತಿರಲಿಲ್ಲ. ಬಂದವರ ಎದುರು "ಸದ್ಯಕ್ಕೆ ಇಲ್ಲಿದೀವಿ" ಎಂದು ಹಲ್ಲು ಕಿರಿಯುತ್ತಿದ್ದರು.

ಸಂಶೋಧಕರ ಬಗ್ಗೆ ನನಗೆ ಆ ಹೊತ್ತಿಗಾಗಲೇ ದೊಡ್ಡ ಗೌರವವೇನೂ ಉಳಿದಿರಲಿಲ್ಲ. ಸೂಜಿಯನ್ನು ಬಾಚಣಿಗೆಯ ಹಾಗೆ ಜೇಬಿಗೆ ಹಾಕಿಕೊಂಡು ಮುರಿದವರನ್ನು ಕಂಡಿದ್ದೆ. ಮೊನೆಯನ್ನು ಟಿಶ್ಯೂ ಕಾಗದದಿಂದ ಒರೆಸಿ, ಆಮೇಲೆ ನಮಗೇ ಬೈದು ಪತ್ರ ಬರೆದವರನ್ನೂ ಕಂಡಿದ್ದೆ. ಆದರೆ ಈ ಹಿರಿಯ ವಿಜ್ಞಾನಿಯನ್ನು ಹಾಗೆ ತಳ್ಳಿಹಾಕುವಂತಿರಲಿಲ್ಲ. ಯಾವ ಪ್ರಯೋಗಾಲಯ ಯಾವ ಉಪಕರಣ ಕೊಳ್ಳಬೇಕು ಎಂದು ಶಿಫಾರಸು ಮಾಡುವ ಸಮಿತಿಗಳಲ್ಲೆಲ್ಲ ಅವರಿದ್ದರು. ಅವರು ಹೂಂ ಅಂದರೆ ದೇಶದ ಅರ್ಧ ಪ್ರಯೋಗಾಲಯಗಳು ಹೂಂ ಅನ್ನುತ್ತವೆ. ಉಹೂಂ ಅಂದರೆ ನಾವು ಅಂಗಡಿ ಮುಚ್ಚಬೇಕಾಗುತ್ತಿತ್ತು.

ಅವರ ಕೆಲಸ ಮೀನಿನ ಮೊಟ್ಟೆಯ ಮೇಲೆ. ಸಾಸಿವೆ ಕಾಳಿನಷ್ಟು ಗಾತ್ರದ, ಗಾಜಿನಷ್ಟು ತಿಳಿಯಾದ ಮೊಟ್ಟೆ. ಒಂದು ಔಷಧಿ ಬೆರೆಸಿದ ನೀರಿನಲ್ಲಿ ಇಟ್ಟರೆ ಆ ಮೊಟ್ಟೆಯ ಸಿಪ್ಪೆ ಗಟ್ಟಿಯಾಗುತ್ತದೆ ಎಂದು ಅವರು ಬಹಳ ಹಿಂದೆಯೇ ಬರೆದಿದ್ದರು. ಅದರ ಮೇಲೆ ಪ್ರಬಂಧಗಳು, ಪ್ರಬಂಧಗಳ ಮೇಲೆ ಹಾರಗಳು, ಹಾರಗಳ ಮೇಲೆ ಸಮಿತಿಗಳು. ಅವರೇ ಕಟ್ಟಿಕೊಂಡಿದ್ದ ಹಳೇ ಉಪಕರಣದಲ್ಲಿ ಔಷಧಿ ಸೋಕಿದ ಮೊಟ್ಟೆ ಪ್ರತಿ ಸಲವೂ ಗಟ್ಟಿ ಅಂತ ಬರುತ್ತಿತ್ತು. ನಮ್ಮ ಸೂಜಿಯಲ್ಲಿ ಮಾತ್ರ ಸಾದಾ ಮೊಟ್ಟೆಯೂ ಒಂದೇ, ಔಷಧಿ ಸೋಕಿದ ಮೊಟ್ಟೆಯೂ ಒಂದೇ. ಆದ್ದರಿಂದ ನಮ್ಮ ಸೂಜಿಗೆ ಸೂಕ್ಷ್ಮತೆ ಇಲ್ಲ.

ನಾನು ಮೊದಲು ನಮ್ಮ ಕೆಲಸವನ್ನೇ ಅನುಮಾನಿಸಿದೆ. ಮೂಲೆಯಲ್ಲಿ ಹಾಸಿದ್ದ ಗ್ರಾನೈಟ್ ಚಪ್ಪಡಿಯ ಮೇಲೆ ಸೂಕ್ಷ್ಮ ತಕ್ಕಡಿ ಇಟ್ಟು, ಅದರ ತಟ್ಟೆಗೆ ಸೂಜಿಯ ಮೊನೆಯನ್ನು ಇಳಿಸಿ ಒತ್ತಿಸಿ, ಸೂಜಿ ಹೇಳುವುದಕ್ಕೂ ತಕ್ಕಡಿ ಹೇಳುವುದಕ್ಕೂ ತಾಳೆ ನೋಡಿದೆ. ಹೊಂದಿತು. ತಕ್ಕಡಿಯನ್ನೂ ನಂಬದೆ, ತೂಕ ಗೊತ್ತಿದ್ದ ಸಣ್ಣ ತಂತಿಯ ಚೂರುಗಳನ್ನು ಚಿಮಟದಿಂದ ಎತ್ತಿ ಮೊನೆಗೆ ತೂಗುಹಾಕಿದೆ. ಅದೂ ಹೊಂದಿತು. ಅಂಟು ಸಡಿಲವಾಗಿದೆಯೇ ಎಂದು ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಕೋಣೆಯ ಬಿಸಿ ಏರಿಸಿ ಇಳಿಸಿ ನೋಡಿದೆ. ತಪ್ಪು ಸಿಗಲಿಲ್ಲ. ಆದರೂ ಹೊಸ ಸೂಜಿಗಳನ್ನೇ ಮಾಡಿ ಕಳಿಸಿದೆ.

ಅವೂ ವಾಪಸ್ ಬಂದವು. ಜೊತೆಗೆ ವಿಜ್ಞಾನಿಯ ಸಂದೇಶ: ಪ್ರತಿ ಗಾಜಿನ ತಟ್ಟೆಯಲ್ಲೂ ಮೊಟ್ಟೆ ಮುಟ್ಟುವ ಮೊದಲು ಸೊನ್ನೆ ಹೊಂದಿಸಿ ಎಂದು ನಿಮ್ಮ ಸಾಫ್ಟ್‌ವೇರ್ ಪೀಡಿಸುತ್ತದೆ, ನಮ್ಮ ಉಪಕರಣಕ್ಕೆ ಬೆಳಿಗ್ಗೆ ಒಂದು ಸಲ ಸಾದಾ ನೀರಿನಲ್ಲಿ ಸೊನ್ನೆ ಹಾಕಿದರೆ ಸಾಕು, ನೋಡಿ ಕಲಿಯಿರಿ.

ನೋಡಿ ಕಲಿಯೋಣ ಎಂದೇ ಹೋದೆ.

ವಿಜ್ಞಾನಿ ಊರಲ್ಲಿರಲಿಲ್ಲ. ಹಳೇ ಉಪಕರಣಕ್ಕೆ ಹಳದಿ ಬಟ್ಟೆ ಹೊದಿಸಿ, ಕುಂಕುಮ ಇಟ್ಟಿದ್ದರು. ವಿದ್ಯಾರ್ಥಿನಿ ಬಟ್ಟೆ ತೆಗೆದು ಕೆಲಸ ಶುರು ಮಾಡಿದಳು. ಕೈ ಒಳ್ಳೆಯದಿತ್ತು, ಅದನ್ನು ಒಪ್ಪಲೇಬೇಕು. ಸಾದಾ ನೀರಿನಲ್ಲಿ ಮೊನೆ ಮುಳುಗಿಸಿ, ಆಗ ಕಂಡ ಬಲವನ್ನೇ ಸೊನ್ನೆ ಎಂದು ಹಾಕಿದಳು. ಸಾದಾ ತಟ್ಟೆಯ ಮೊಟ್ಟೆ ಒತ್ತಿದಳು, ಉಪಕರಣ ತೋರಿಸಿದ ಅಂಕಿಯನ್ನು, ಅಂದರೆ ಅದರ ಓದನ್ನು, ಬರೆದುಕೊಂಡಳು. ಔಷಧಿ ತಟ್ಟೆಯ ಮೊಟ್ಟೆ ಒತ್ತಿದಳು. ಓದು ಏರಿತು.

"ನೋಡಿದ್ರಾ ಮೇಡಂ, ಗಟ್ಟಿ."

ಔಷಧಿಯ ನೀರು ತಟ್ಟೆಯ ಅಂಚಿನಲ್ಲಿ ಸಾದಾ ನೀರಿಗಿಂತ ಚಪ್ಪಟೆಯಾಗಿ ಹರಡಿಕೊಂಡಿತ್ತು. ಆ ಔಷಧಿಗೆ ಸ್ವಲ್ಪ ಸೋಪಿನ ಗುಣ ಇರಬೇಕು ಅನ್ನಿಸಿತು. ನೀರಿನ ಮೇಲ್ಮೈಗೆ ಒಂದು ಬಿಗಿ ಇರುತ್ತದೆ. ಸೂಜಿ ಇಳಿದಾಗ ನೀರು ಅದರ ಕಾಂಡಕ್ಕೆ ಹತ್ತಿಕೊಂಡು ಕೆಳಕ್ಕೆ ಎಳೆಯುತ್ತದೆ. ನಮಗೆ ನಿಮಗೆ ಆ ಎಳೆತ ಏನೂ ಅಲ್ಲ, ಕೂದಲಿನಷ್ಟು ಮೊನೆಗೆ ಅದು ಬಹಳ ದೊಡ್ಡದು. ಸೋಪು ಬೆರೆತ ನೀರಿನಲ್ಲಿ ಆ ಬಿಗಿ ಕಮ್ಮಿ, ಎಳೆತ ಕಮ್ಮಿ. ಸಾದಾ ನೀರಿನಲ್ಲಿ ಸೊನ್ನೆ ಹಾಕಿದ ಸೂಜಿ ಈ ನೀರಿಗೆ ಇಳಿದರೆ, ಕೆಳಗಿನಿಂದ ಯಾರೋ ಮೇಲಕ್ಕೆ ತಳ್ಳಿದ ಹಾಗೆ ಓದುತ್ತದೆ.

"ಈಗ ಒಂದು ಕೆಲಸ ಮಾಡಿ. ಔಷಧಿ ನೀರು ಹಾಕಿ, ಮೊಟ್ಟೆ ಹಾಕ್ಬೇಡಿ."

"ಮೊಟ್ಟೆ ಇಲ್ದೆ ಏನ್ ಅಳೆಯೋದು ಮೇಡಂ?"

"ಅಳೀರಿ."

ಖಾಲಿ ನೀರಿಗೆ ಮೊನೆ ಇಳಿಯಿತು. ಓದು ಏರಿತು. ಗಟ್ಟಿ ಮೊಟ್ಟೆಗೂ ಸಾದಾ ಮೊಟ್ಟೆಗೂ ಎಷ್ಟು ವ್ಯತ್ಯಾಸ ಬಂದಿತ್ತೋ ಸರಿಯಾಗಿ ಅಷ್ಟೇ ಏರಿ ನಿಂತಿತು. ಮೊಟ್ಟೆ ಗಟ್ಟಿಯಾಗಿರಲಿಲ್ಲ. ಹಾರ, ಶಾಲು, ಸಮಿತಿ ಎಲ್ಲ ನೀರಿನ ಮೇಲೆ ನಿಂತಿದ್ದವು. ನನಗೆ ನಗು ಬಂತು, ನಕ್ಕೆ ಕೂಡ.

ಅವಳು ನಗಲಿಲ್ಲ. ಮತ್ತೊಮ್ಮೆ ಅಳೆದಳು, ಇನ್ನೊಂದು ತಟ್ಟೆ ತಂದು ಅಳೆದಳು. ಆಮೇಲೆ ಸ್ಟೂಲಿನ ಮೇಲೆ ಕೂತುಬಿಟ್ಟಳು.

"ಮೇಡಂ, ನನ್ನ ಥೀಸಿಸ್ ಪೂರ್ತಿ ಇದರ ಮೇಲೇ ಇದೆ. ಇನ್ನೇನು ಸಲ್ಲಿಸ್ಬೇಕು. ಸರ್‌ಗೆ ಹೇಳ್ಬೇಡಿ ಪ್ಲೀಸ್."

ನಾನು ಆಗ ಏನೂ ಮಾತು ಕೊಡಲಿಲ್ಲ.

ಪ್ರೊಫೆಸರಿಗೆ ಹೇಳಿದೆ. ದಡ್ಡರಲ್ಲ ಅವರು. ಅರ್ಧ ಮಾತಿಗೇ ಅರ್ಥ ಮಾಡಿಕೊಂಡು ಮಗುವಿನ ಹಾಗೆ ಚಪ್ಪಾಳೆ ತಟ್ಟಿದರು. "ಎಂಥ ಚೆಂದದ ತಪ್ಪು!" ಎಂದರು. ಒಂದು ಕ್ಷಣ ನನ್ನ ಹಳೇ ಮೇಷ್ಟ್ರು ಕಂಡರು. ಮರುಕ್ಷಣ ಕಂಪನಿಯ ಮಾಲೀಕರು ವಾಪಸ್ ಬಂದರು.

"ನೋಡಮ್ಮ, ಸಾಫ್ಟ್‌ವೇರಲ್ಲಿ ಸೊನ್ನೆ ಹೊಂದಿಸೋದನ್ನ ಬೇಕಾದ್ರೆ ಬಿಟ್ಟುಬಿಡೋ ಹಾಗೆ ಒಂದು ಬಟನ್ ಇಟ್ಟುಬಿಡು. 'ಹೆಚ್ಚಿನ ಸೂಕ್ಷ್ಮತೆ' ಅಂತ ಹೆಸರು ಕೊಡು. ಅವರಿಗೆ ಬೇಕಾದ್ದು ಅವರಿಗೆ ಸಿಗುತ್ತೆ."

"ಅದು ಸುಳ್ಳು ಓದು ಸರ್."

"ಸುಳ್ಳಲ್ಲಮ್ಮ, ಆಯ್ಕೆ. ಗ್ರಾಹಕರ ಆಯ್ಕೆ. ಅವರು ತಪ್ಪು ಅನ್ನೋಕೆ ನಾವ್ಯಾರು? ನಾವು ಸೂಜಿ ಮಾರೋರು."

"ನೀವು ತರಗತೀಲಿ ನಮಗೆ ಕಲಿಸಿದ್ದು ಹೀಗಲ್ಲ."

"ತರಗತೀಲಿ ಯಾರೂ ಆರ್ಡರ್ ಕೊಡ್ತಿರ್ಲಿಲ್ಲ."

ಇಷ್ಟು ಸಲೀಸಾಗಿ ಹೇಳಿ ಅವರು ಕಾಫಿ ಹೀರಿದರು. ಅವರ ಹತ್ತಿರ ಕಲಿತದ್ದೆಲ್ಲ ನೆನಪಿಗೆ ಬಂದು ಅಸಹ್ಯವಾಯಿತು. ಇವರಿಬ್ಬರಲ್ಲಿ ಯಾರು ಕೀಳು ಎಂದು ಯೋಚಿಸಿದೆ. ಆ ವಿಜ್ಞಾನಿಗೆ ತನ್ನ ತಪ್ಪು ಗೊತ್ತಾದರೂ ಇರಲಿಲ್ಲ. ಇವರು ಗೊತ್ತಿದ್ದೂ ಅದಕ್ಕೆ ಬಟನ್ ಮಾಡಿ ಮಾರಲು ಹೊರಟಿದ್ದರು.

"ಆ ಬಟನ್ ಇದ್ರೆ ಸೂಜಿಗೆ ನಾನು ಸಹಿ ಹಾಕಲ್ಲ ಸರ್. ನೀವೇ ಹಾಕ್ಕೊಳ್ಳಿ."

ಅವರು ಹಾಕುವವರಲ್ಲ ಎಂದು ನನಗೆ ಗೊತ್ತಿತ್ತು. ನಾಳೆ ತೊಂದರೆಯಾದರೆ ಹೆಸರು ಇರಬೇಕಾದದ್ದು ನನ್ನದು.

ಆ ವಿಜ್ಞಾನಿಯ ತಂಡದ ವಾರದ ಸಭೆಗೆ ಹೋಗಿ ಎಲ್ಲರೆದುರು ತೋರಿಸುವುದು ಎಂದು ತೀರ್ಮಾನಿಸಿದೆ. ಪತ್ರ ಬರೆದರೆ ಅದು ಎಲ್ಲೋ ಮಾಯವಾಗುತ್ತದೆ. ತಟ್ಟೆಯ ನೀರನ್ನು ಮಾಯ ಮಾಡುವುದು ಕಷ್ಟ. ವಿದ್ಯಾರ್ಥಿನಿಗೆ ಮೊದಲೇ ಫೋನ್ ಮಾಡಿ, "ನಾನು ಹೇಳ್ತೀನಿ, ನೀವು ಅವತ್ತು ರಜೆ ಹಾಕಿ" ಅಂದೆ. ಅವಳು ಫೋನಿಟ್ಟುಬಿಟ್ಟಳು. ರಜೆ ಹಾಕಲಿಲ್ಲ.

"ಓಹೋ, ಸೂಜಿ ಕಂಪನಿ ಮೇಡಂ! ಬನ್ನಿ ಬನ್ನಿ, ಬಿಸ್ಕತ್ ತಗೊಳ್ಳಿ." ವಿಜ್ಞಾನಿಗೆ ನನ್ನ ಹೆಸರು ನೆನಪಿರಲಿಲ್ಲ, ಅಥವಾ ನೆನಪಿಟ್ಟುಕೊಳ್ಳುವಂಥದು ಅಂತ ಅನ್ನಿಸಿರಲಿಲ್ಲ.

ಅವರ ಉಪಕರಣದಲ್ಲೇ, ಅವರ ನೀರಿನಲ್ಲೇ ತೋರಿಸಿದೆ. ಮೊಟ್ಟೆಯಿಲ್ಲದ ಸಾದಾ ನೀರು: ಸೊನ್ನೆ. ಮೊಟ್ಟೆಯಿಲ್ಲದ ಔಷಧಿ ನೀರು: ಗಟ್ಟಿ. ಬುದ್ಧಿವಂತ ಹುಡುಗ ಹುಡುಗಿಯರು, ಎಲ್ಲರಿಗೂ ಅರ್ಥವಾಗಿತ್ತು, ಎಲ್ಲರೂ ತಮ್ಮ ಚಪ್ಪಲಿ ನೋಡಿಕೊಳ್ಳುತ್ತಿದ್ದರು.

"ಇಂಟರೆಸ್ಟಿಂಗ್," ಅಂದರು ವಿಜ್ಞಾನಿ. ದೊಡ್ಡ ವಿಜ್ಞಾನಿಗಳು ಈ ಪದವನ್ನು ಬಳಸುವುದು ಬಾಗಿಲು ಹಾಕಿಕೊಳ್ಳುವುದಕ್ಕೆ. ಆಮೇಲೆ ವಿದ್ಯಾರ್ಥಿನಿಯ ಕಡೆ ತಿರುಗಿ, "ಎಷ್ಟು ಸಲ ಹೇಳಿದೀನಿ ಸೊನ್ನೆ ಸರಿಯಾಗಿ ಹಾಕ್ಬೇಕು ಅಂತ? ನಿನ್ನ ಕೈ ಸರಿ ಇಲ್ಲ. ಥೀಸಿಸ್ ನಿಲ್ಸು, ಎಲ್ಲಾ ಮೊದಲಿಂದ ಮಾಡು" ಅಂದರು.

ಆ ಉಪಕರಣ ಅವರೇ ಕಟ್ಟಿದ್ದು. ಬೆಳಿಗ್ಗೆ ಒಂದೇ ಸೊನ್ನೆ ಎಂಬುದು ಅವರೇ ಹಾಕಿದ ನಿಯಮ. ಆ ಪ್ರಬಂಧಗಳನ್ನು ಬರೆದಾಗ ಈ ಹುಡುಗಿ ಇನ್ನೂ ಶಾಲೆಯಲ್ಲಿದ್ದಳು. "ಸರ್, ಇವರ ಕೈ ಸರಿಯಾಗೇ ಇದೆ" ಎಂದೆ. ಅವರು ಕೈಗಡಿಯಾರ ನೋಡಿಕೊಂಡರು. ಸಭೆ ಮುಗಿಯಿತು.

ಹೊರಗೆ ಕಾರಿಡಾರಿನಲ್ಲಿ ಅವಳು ನನ್ನ ಹಿಂದೆಯೇ ಬಂದಳು. ಥ್ಯಾಂಕ್ಸ್ ಹೇಳುತ್ತಾಳೆ ಅಂದುಕೊಂಡೆ.

"ಆಯ್ತಲ್ಲ ಮೇಡಂ, ಗೆದ್ರಲ್ಲ. ನೀವೀಗ ಆಟೋ ಹತ್ತಿ ಹೋಗ್ತೀರಿ. ನಾನು ನಾಳೆನೂ ಇಲ್ಲಿಗೇ ಬರ್ಬೇಕು."

ಆಟೋ ಹತ್ತಿ ಬಂದೆ. ದಾರಿಯುದ್ದಕ್ಕೂ ಆ ಮಾತೇ ಕಿವಿಯಲ್ಲಿತ್ತು. ಇಬ್ಬರು ಗಂಡಸರ ಮೇಲೆ ನನಗಿದ್ದ ತಿರಸ್ಕಾರವನ್ನು ನಾನು ಚೆನ್ನಾಗಿಯೇ ಪೋಷಿಸಿಕೊಂಡಿದ್ದೆ. ಅದರಲ್ಲಿ ಈ ಹುಡುಗಿಗೆ ಜಾಗವೇ ಇರಲಿಲ್ಲ.

ಮರುದಿನ ಫೋನ್ ಮಾಡಿದೆ. "ಸರ್ ನಿಂಗೆ ಅಲ್ಲಿ ಉಪಕರಣ ಕೊಡ್ತಾರಾ?"

"ಸದ್ಯಕ್ಕೆ ಮುಟ್ಬೇಡ ಅಂದಿದಾರೆ."

"ಶನಿವಾರ ಮೊಟ್ಟೆ ತಗೊಂಡು ಚಾಮರಾಜಪೇಟೆಗೆ ಬಾ. ನಮ್ಮ ಸೂಜೀಲಿ, ನಮ್ಮ ಕಲ್ಲಿನ ಮೇಲೆ ಎಲ್ಲಾ ಹೊಸದಾಗಿ ಅಳೆಯೋಣ."

ಮೊದಲ ಶನಿವಾರ ಅವಳ ಬಸ್ಸು ಮಾರ್ಕೆಟ್ ಹತ್ತಿರ ಹೂವಿನ ಮೂಟೆಗಳ ನಡುವೆ ಸಿಕ್ಕಿಕೊಂಡು ನಿಂತೇ ಹೋಯಿತು. ಬರುವಷ್ಟರಲ್ಲಿ ಬಿಸಿಲಿಗೆ ಮೊಟ್ಟೆಗಳೆಲ್ಲ ಬಿಳಿಚಿ ಸತ್ತಿದ್ದವು. ಮುಂದಿನ ಸಲ ಕಾಫಿ ಫ್ಲಾಸ್ಕಿನಲ್ಲಿ ಬಿಸಿಯೂ ಅಲ್ಲದ ತಣ್ಣಗೂ ಇಲ್ಲದ ನೀರು ಹಾಕಿ ತಂದಳು. ಮೊಟ್ಟೆ ಬದುಕಿದ್ದವು, ಆದರೆ ಸೂಜಿಯ ಓದು ಕುಣಿಯತೊಡಗಿತು. ಮೇಲಿನ ಮನೆಯಲ್ಲಿ ದೋಸೆಗೆ ರುಬ್ಬುವ ಗ್ರೈಂಡರ್ ಹಾಕಿದ್ದರು. ನಾನು ಮೆಟ್ಟಿಲು ಹತ್ತಿ ಮನೆ ಮಾಲೀಕರ ಹೆಂಡತಿಯನ್ನು ಕೇಳಿಕೊಂಡೆ. ಅವರದು ಪೇಟೆಯಲ್ಲಿ ಬಟ್ಟೆ ವ್ಯಾಪಾರದ ಮನೆತನ, ದಿನಾ ಲಿಂಗಪೂಜೆ ಮಾಡುವವರು, ಮೊಟ್ಟೆಯನ್ನೂ ಮನೆಗೆ ಸೇರಿಸದವರು.

"ಗ್ರೈಂಡರ್ ನಿಲ್ಲಿಸ್ತೀನಿ ಬಿಡಿ. ಅದಿರ್ಲಿ, ಮೀನಿನ ಮೊಟ್ಟೆ ತರ್ತಾ ಇದೀರಂತೆ ಮನೆಗೆ?"

"ತಿನ್ನೋಕಲ್ಲಮ್ಮ. ಬರೀ ಒತ್ತಿ ನೋಡ್ತೀವಿ, ಗಟ್ಟಿ ಇದೆಯಾ ಅಂತ."

"ಒತ್ತಿ ನೋಡೋದಕ್ಕೆ ಇಷ್ಟು ಓದ್ಬೇಕಾ?" ಅಂದರು ಆಕೆ. ಆ ತಿಂಗಳುಗಳಲ್ಲಿ ನನ್ನ ಕಡೆಗೂ ಒಬ್ಬರು ತಿರಸ್ಕಾರದಿಂದ ನೋಡಿದರಲ್ಲ ಎಂದು ಒಂಥರಾ ಸಮಾಧಾನವಾಯಿತು. ಅವರು ರುಬ್ಬುವುದನ್ನು ಶುಕ್ರವಾರಕ್ಕೆ ಹಾಕಿಕೊಂಡರು.

ಅಲ್ಲಿಂದ ಶನಿವಾರಗಳು ಸಾಲುಸಾಲಾಗಿ ಹೋದವು. ಪ್ರತಿ ತಟ್ಟೆಯಲ್ಲೂ ಮೊದಲು ಖಾಲಿ ನೀರು, ಆಮೇಲೆ ಮೊಟ್ಟೆ. ಅವಳ ಕೈಯಲ್ಲಿ ಒಂದು ಸೂಜಿ ಮುರಿಯಿತು, ನನ್ನ ಕೈಯಲ್ಲಿ ಎರಡು. ಪ್ರೊಫೆಸರ್ ಒಮ್ಮೆ ಬಂದು ಬಾಗಿಲಲ್ಲಿ ನಿಂತು, ನೋಡಿಯೂ ನೋಡದವರ ಹಾಗೆ ಹೋದರು. ಅವಳು ನನ್ನನ್ನು ಮೇಡಂ ಎನ್ನುವುದು ಬಿಟ್ಟು ಅಕ್ಕಾ ಅನ್ನತೊಡಗಿದ್ದಳು. ಆದರೆ ಕಾರಿಡಾರಿನ ಮಾತಿಗೆ ಕ್ಷಮೆ ಕೇಳಲಿಲ್ಲ. ಕೇಳಬೇಕಾದ್ದೂ ಇರಲಿಲ್ಲ. ಕೊನೆಗೆ ಬಂದ ಫಲಿತಾಂಶ ಸಪ್ಪೆಯದು: ಔಷಧಿಯಿಂದ ಮೊಟ್ಟೆಯ ಸಿಪ್ಪೆ ಗಟ್ಟಿಯಾಗುವುದಿಲ್ಲ. ಅದನ್ನೇ ಅವಳು ಥೀಸಿಸ್ಸಿನಲ್ಲಿ ನೇರವಾಗಿ ಬರೆದಳು.

ಅಷ್ಟರಲ್ಲಿ ವಿಜ್ಞಾನಿಯ ಹೊಸ ಪ್ರಬಂಧ ಬಂತು. ನೀರಿನ ಮೇಲ್ಮೈಯ ಎಳೆತ ಹಳೆಯ ಉಪಕರಣಗಳನ್ನು ಹೇಗೆ ದಾರಿ ತಪ್ಪಿಸುತ್ತದೆ ಎಂದು ತಾವು ಕಂಡುಹಿಡಿದಿರುವುದಾಗಿ ಬರೆದಿದ್ದರು. ದಾರಿ ತಪ್ಪಿದವರು ಯಾರು ಎಂಬುದು ಅದರಲ್ಲಿ ಇರಲಿಲ್ಲ. ವಿದ್ಯಾರ್ಥಿನಿಯ ಹೆಸರೂ ಇರಲಿಲ್ಲ. ಆದರೆ ಆ ಪ್ರಬಂಧಕ್ಕೆ ತಾಳೆಯಾಗುವ ಅವಳ ಥೀಸಿಸ್ಸನ್ನು ಅವರು ಮತ್ತೆ ತಡೆಯಲಿಲ್ಲ. ಕೊನೆಯಲ್ಲಿ "ಉಪಯುಕ್ತ ಚರ್ಚೆಗಾಗಿ" ನಮ್ಮ ಪ್ರೊಫೆಸರಿಗೆ ಕೃತಜ್ಞತೆ ಇತ್ತು. ಪ್ರೊಫೆಸರ್ ಆ ಪುಟಕ್ಕೆ ಅವೆನ್ಯೂ ರಸ್ತೆಯಲ್ಲಿ ಚೌಕಟ್ಟು ಹಾಕಿಸಿ ತಂದು ನನ್ನ ಮೇಜಿನ ಎದುರೇ ಮೊಳೆ ಹೊಡೆಸಿದರು.

"ನೋಡಿದ್ಯಾಮ್ಮ, ನಿನ್ನ ಹಟ ನಮಗೆ ಒಳ್ಳೇದೇ ಮಾಡ್ತು."

ಅದು ನಿಜ. ಪ್ರತಿ ತಟ್ಟೆಯಲ್ಲೂ ಸೊನ್ನೆ ಹೊಂದಿಸುವ ಸೂಜಿ ನಮ್ಮದೊಂದೇ ಎಂದು ಆರ್ಡರುಗಳು ಬರತೊಡಗಿದ್ದವು. ವಿಜ್ಞಾನಿಯ ಸಮಿತಿಯೂ ಶಿಫಾರಸು ಮಾಡಿತು. ಬಟನ್ನಿನ ಮಾತನ್ನು ಪ್ರೊಫೆಸರ್ ಮತ್ತೆ ಎತ್ತಲಿಲ್ಲ. ಅದು ಯಾವತ್ತೂ ತಮ್ಮ ಬಾಯಿಂದ ಬಂದಿರಲೇ ಇಲ್ಲ ಎಂಬಂತಿದ್ದರು. ಬಂದ ಆರ್ಡರಿಗೆಲ್ಲ ನಾನು ಸೂಜಿ ಮಾಡಿದೆ. ತಲೆ ತಗ್ಗಿಸಿ ಸೂಕ್ಷ್ಮದರ್ಶಕ ನೋಡುತ್ತಿದ್ದರೆ ಗೋಡೆ ಕಾಣುವುದಿಲ್ಲ.

ಅವಳ ಪಿಎಚ್.ಡಿ.ಯ ಕೊನೆಯ ಮೌಖಿಕ ಪರೀಕ್ಷೆಗೆ ಯಾರು ಬೇಕಾದರೂ ಹೋಗಬಹುದಿತ್ತು. ಹೋಗಿ ಹಿಂದಿನ ಸಾಲಿನಲ್ಲಿ ಕೂತೆ. ಹೊರಗಿನಿಂದ ಬಂದ ಪರೀಕ್ಷಕಿ ಬಿಳಿ ಕೂದಲಿನ, ಮಾತು ಕಮ್ಮಿಯ ಹೆಂಗಸು. ಮುಂದಿನ ಸಾಲಿನಲ್ಲಿ ವಿಜ್ಞಾನಿ, ಹೊಸ ಶರ್ಟು, ಕಾಲಮೇಲೆ ಕಾಲು. ಅವಳು ಇಂಗ್ಲಿಷಿನಲ್ಲಿ ಎಲ್ಲ ವಿವರಿಸಿದಳು. ಮೊಟ್ಟೆಯಿಲ್ಲದ ನೀರಿನ ಚಿತ್ರ ಪರದೆಯ ಮೇಲೆ ಬಂದಾಗ ಪರೀಕ್ಷಕಿ ತಡೆದರು.

"ಇಡೀ ಥೀಸಿಸ್ಸಿಗೆ ಇದೇ ಮುಖ್ಯ. ಖಾಲಿ ನೀರನ್ನು ಅಳೆಯಬೇಕು ಅಂತ ಹೊಳೆದದ್ದು ಹೇಗೆ?"

ಅವಳು ಬಾಯಿ ತೆರೆಯುವ ಮೊದಲೇ ವಿಜ್ಞಾನಿ ನಗುತ್ತ ಕೈ ಎತ್ತಿದರು. ತಮ್ಮ ಪ್ರಯೋಗಾಲಯದಲ್ಲಿ ವಿದ್ಯಾರ್ಥಿಗಳಿಗೆ ತಾವು ಹೇಳಿಕೊಡುವ ಮೊದಲ ಪಾಠವೇ ಅದು ಎಂದರು.

ಪದವಿ ಇನ್ನೂ ಅವಳ ಕೈಗೆ ಬಂದಿರಲಿಲ್ಲ. ಸಹಿಗಳು ಆಗಬೇಕಿತ್ತು, ಮೊದಲ ಸಹಿ ಅವರದೇ. ಅವಳು ಹೂಂ ಅಂದಿದ್ದರೆ ನಾನು ಒಂದು ಮಾತೂ ಆಡುತ್ತಿರಲಿಲ್ಲ. ನನ್ನ ಹಾಗೆ ಆಟೋ ಹತ್ತಿ ಹೋಗುವ ಸವಲತ್ತು ಅವಳಿಗೆ ಇರಲಿಲ್ಲ.

ಅವಳು ನೀರಿನ ಬಾಟಲಿ ಎತ್ತಿ ಒಂದು ಗುಟುಕು ಕುಡಿದಳು.

"ಇಲ್ಲ ಸರ್," ಅಂದಳು, ಕನ್ನಡದಲ್ಲೇ. "ನಂಗೆ ಅದನ್ನ ಹೇಳಿಕೊಟ್ಟವರು ಬೇರೆಯವರು. ಈ ಅಳತೆ ಎಲ್ಲಾ ನಾನು ಮಾಡಿದ್ದು ಚಾಮರಾಜಪೇಟೇಲಿ."

ವಿಜ್ಞಾನಿಯ ನಗು ಮುಖದ ಮೇಲೇ ಇತ್ತು, ತೆಗೆಯುವುದು ಮರೆತವರ ಹಾಗೆ. ಪರೀಕ್ಷಕಿ ಅವರ ಕಡೆ ಒಮ್ಮೆ ನೋಡಿದರು. ಆಮೇಲೆ ಕನ್ನಡಕ ಸರಿಮಾಡಿಕೊಂಡು, ಪೆನ್ನಿನ ಮುಚ್ಚಳ ತೆಗೆದರು.

"ಚಾಮರಾಜಪೇಟೇಲಿ ಎಲ್ಲಮ್ಮ?"

"ನಾಲ್ಕನೇ ಮೇನ್, ಮೇಡಂ."

ಅವರು ಬರೆದುಕೊಂಡರು.